ಮಾಷ್ಟ್ರ ಕಲ್ಲುಕೋಣೆ

ಮೊನ್ನೆ ಮೇಜಿನ ಕೆಳಗಿನ ಡ್ರಾವರು ಎಳೆದಾಗ ಹಳೆಯ ಕಾರ್ಬನ್ ಕಾಗದದ ವಾಸನೆ ಬಂತು. ಅದರಡಿಯಲ್ಲಿ ಒಂದೇ ಅರ್ಜಿಯ ಹತ್ತು ಹನ್ನೆರಡು ಪ್ರತಿಗಳು. ಯಾವುದಕ್ಕೂ ಸಹಿ ಇಲ್ಲ. ನೋಡಿದ್ದೇ ತಡ, ಇಷ್ಟು ವರ್ಷಗಳ ಮೇಲೂ ನನಗೆ ಮಾಷ್ಟ್ರ ಮೇಲೆ ಸಿಟ್ಟು ಬಂತು.

ಕುಂಬಳೆ ಪೇಟೆಯಲ್ಲಿ ನಾನು ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದುಕೊಡುತ್ತಿದ್ದ ಕಾಲ ಅದು, ಎರಡು ಸಾವಿರದ ಐದೋ ಆರೋ... ಮಾಷ್ಟ್ರು ನನಗೆ ಐದನೇ ಕ್ಲಾಸಿನಲ್ಲಿ ಪಾಠ ಹೇಳಿದವರು, ಆಗಲೇ ನಿವೃತ್ತರಾಗಿದ್ದರು. ಸೀತಾಂಗೋಳಿಯ ಆಚೆ, ಅವರ ಮನೆಯ ಹಿಂದಿನ ಗುಡ್ಡೆಯಲ್ಲಿ, ಕೆಂಪುಕಲ್ಲನ್ನು ಕೊರೆದು ಮಾಡಿದ ಪುರಾತನ ಕೋಣೆಯೊಂದಿತ್ತು. ನೆತ್ತಿಯಲ್ಲಿ ದುಂಡಗಿನ ಕಂಡಿ, ಬದಿಯಲ್ಲಿ ತೆವಳಿಕೊಂಡು ಹೋಗುವಷ್ಟು ಬಾಗಿಲು. ಪಾಂಡವರು ಮಾಡಿದ್ದು ಎಂದು ಊರವರು ಅಷ್ಟಕ್ಕೇ ಬಿಟ್ಟಿದ್ದರು. ಗುಡ್ಡೆಯ ಯಜಮಾನರು ಅದನ್ನು ಕಲ್ಲು ಕೊಯ್ಯುವ ಕೋರೆಗೆ ಕೊಡುವ ಮಾತಾಡುತ್ತಿದ್ದರು. ಕೋಣೆಯನ್ನು ಉಳಿಸಿ ಎಂದು ಸರಕಾರಕ್ಕೆ ಒಂದು ಅರ್ಜಿ ಹಾಕುವುದು, ಅಷ್ಟೇ ಕೆಲಸ. ಅರ್ಧ ಗಂಟೆಯದ್ದು.

ಅದು ಆರು ವರ್ಷ ಎಳೆಯಿತು. ಆ ಕೋಣೆ ಯಾತಕ್ಕಾಗಿ ಮಾಡಿದ್ದು ಎಂಬ ಒಂದು ಸಾಲಿನಲ್ಲಿ ಮಾಷ್ಟ್ರು ಸಿಕ್ಕಿಬಿದ್ದರು. ಮೊದಲು ಗೋರಿ ಎಂದು ಟೈಪ್ ಮಾಡಿಸಿದರು. ಸಹಿ ಹಾಕಬೇಕೆನ್ನುವಾಗ ಪೆನ್ನು ಮುಚ್ಚಿ, "ಒಳಗೆ ಒಂದು ಎಲುಬು ಸಹ ಸಿಕ್ಕಲಿಲ್ಲ ಮಾರಾಯ. ಗೋರಿ ಅಂತ ಹೇಗೆ ಹೇಳುವುದು?" ಎಂದು ಎದ್ದು ಹೋದರು. ಮುಂದಿನ ಸಲ ಅದು ಭತ್ತದ ಕಣಜ. ಪರೀಕ್ಷೆ ಮಾಡಬೇಡವೇ? ಬೈಹುಲ್ಲಿನಲ್ಲಿ ಕಟ್ಟಿದ ಒಂದು ಮುಡಿ ಭತ್ತವನ್ನು ಮಳೆಗಾಲ ಇಡೀ ಅದರೊಳಗೆ ಇಟ್ಟರು. ಭತ್ತಕ್ಕೆ ಮೊಳಕೆ ಬಂತು, ಅವರ ಮನೆಯವರು ಒಂದು ವಾರ ಮಾತು ಬಿಟ್ಟರು. ಆಮೇಲೆ ತಪಸ್ಸಿನ ಗುಹೆ. ಅದಕ್ಕೂ ಒಂದು ಬೆಳಿಗ್ಗೆ ಒಳಗೆ ಕುಳಿತು ನೋಡಿದರು. ಸೊಂಟ ಹಿಡಿದು, ಹೊರಗೆ ಎಳೆಯಲು ಇಬ್ಬರು ಬೇಕಾಯಿತು.

"ಎಂತದಾದರೂ ಒಂದು ಹಾಕಿ ಮಾಷ್ಟ್ರೇ. ಯಾರು ನೋಡಿದ್ದಾರೆ?" ಎಂದು ನಾನು ಕೈ ಮುಗಿದದ್ದುಂಟು.

"ಗೊತ್ತಿಲ್ಲದ್ದನ್ನು ಬರೆದದ್ದಕ್ಕೆ ನಿನಗೆ ನಾನೇ ಪೆಟ್ಟು ಕೊಟ್ಟದ್ದಲ್ಲವಾ," ಎಂದರು.

ಹಾಗಾದರೆ ಗೊತ್ತಿಲ್ಲ ಎಂದೇ ಬರೆಯೋಣ ಎಂದೆ. ಅದೂ ಆಗದು. ಏನೆಂದೇ ಗೊತ್ತಿಲ್ಲದ್ದನ್ನು ಸರಕಾರ ಯಾಕೆ ಉಳಿಸಬೇಕು ಎಂದು ನನ್ನನ್ನೇ ಕೇಳಿದರು. ಇವರಿಗೆ ಪಾಠ ಹೇಳಿದವರು ಯಾರೋ ಎಂದು ತಲೆ ಚಚ್ಚಿಕೊಂಡೆ.

ಕೊನೆಗೆ ಒಂದು ಮಧ್ಯಾಹ್ನ ಬಂದರು. ಮುಂಡು, ಚಪ್ಪಲಿ, ಹುಬ್ಬು ಎಲ್ಲ ಕೆಂಪು ಧೂಳು. ಕಲ್ಲು ಕೊಯ್ಯುವ ಮೆಷಿನ್ ಬೆಳಿಗ್ಗೆಯೇ ಗುಡ್ಡೆ ಹತ್ತಿತ್ತು.

"ಗೋರಿ ಅಂತಲೇ ಹಾಕು. ನಾನು ಸಹಿ ಹಾಕ್ತೇನೆ," ಎಂದರು.

ಕೋಣೆ ಉಂಟಾ ಎಂದು ಕೇಳಿದೆ. ಅರ್ಧ ಗೋಡೆ ಉಂಟು ಎಂದರು.

"ಇನ್ನು ಎಂತಕ್ಕೆ ಮಾಷ್ಟ್ರೇ?" ಎಂದು ನಾನು ಬೇರೆ ಯಾರದೋ ಅರ್ಜಿಗೆ ಕಾಗದ ಸಿಕ್ಕಿಸಿದೆ. ಅವರು ಮುಂಡಿನ ಧೂಳು ಕೊಡವಿಕೊಂಡು ಬಸ್ಸಿಗೆ ಹೋದರು. ಮತ್ತೆ ಬರಲಿಲ್ಲ. ಎರಡು ವರ್ಷದಲ್ಲಿ ತೀರಿಕೊಂಡರು...

ಈಗ ಅಲ್ಲಿ ನೀರು ನಿಂತ ಹೊಂಡ. ಅದಕ್ಕಾಗಿ ನಾನು ಅವರನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಆದರೆ ಪೆನ್ಶನ್ನಿಗಾಗಿ ಎಷ್ಟೋ ಜನರ ವಯಸ್ಸನ್ನು ಕಣ್ಣು ಮುಚ್ಚಿ ಏರಿಸಿ ಬರೆದವ ನಾನು. ಆ ಒಂದು ಸಾಲು ತುಂಬಿಸಿ ನನ್ನ ಹೆಸರಿನಲ್ಲೇ ಕಳಿಸಬಹುದಿತ್ತು, ಹೊಳೆಯಲೇ ಇಲ್ಲ. ಅದಕ್ಕಿಂತಲೂ ಮನಸ್ಸನ್ನು ಕೊರೆಯುವುದು ಆ ಮಧ್ಯಾಹ್ನ. ಅಷ್ಟು ಹಟದ ಮನುಷ್ಯ ಜೀವಮಾನದಲ್ಲಿ ಒಮ್ಮೆ ಸೋತು, ನನ್ನ ಮಾತಿಗೆ ಒಪ್ಪಿ ಬಂದಿದ್ದರು. ಪ್ರಯೋಜನ ಇಲ್ಲದಿದ್ದರೂ ನಾನು ಟೈಪ್ ಮಾಡಿಕೊಡಬೇಕಿತ್ತು.