ಇಪ್ಪತ್ತೈದು ಹೆಜ್ಜೆಯ ಒಂದು ಕಟ್ಟು

ಬೇಕಲ ಕೋಟೆಗೆ ಮೊಣಕಾಲು ನೋವಿನವರನ್ನು ಕರೆದೊಯ್ಯುವುದಾದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಹತ್ತು ಗಂಟೆಯ ಮೇಲೆ ಅಲ್ಲಿನ ಕೆಂಪು ಕಲ್ಲು ಕಾದ ಕಾವಲಿ. ಇದನ್ನು ನಾನು ಕಲಿತದ್ದು ಅಕ್ಕನ ಜೊತೆ ಹನ್ನೊಂದಕ್ಕೆ ತಲುಪಿದ ದಿನ.

ಅಕ್ಕ ವರ್ಕಾಡಿಯಲ್ಲಿ ನಲವತ್ತು ವರ್ಷ ಬೀಡಿ ಕಟ್ಟಿದವಳು. ಕಾಲು ಮಡಚಿ ಕೂತು ಕೂತು ಎರಡೂ ಮೊಣಕಾಲು ಸವೆದುಹೋಗಿದ್ದವು. ಮರುವಾರ ಆಪರೇಶನ್ ನಿಗದಿಯಾಗಿತ್ತು. ಅದಕ್ಕೆ ಮೊದಲು ಕೋಟೆಯ ಗೋಪುರವನ್ನು ತನ್ನ ಕಾಲಿನಲ್ಲೇ ಹತ್ತಿ ಸಮುದ್ರ ನೋಡಬೇಕು ಎಂದಳು. ಆಪರೇಶನ್ ಆದ ಮೇಲೆ ಆರಾಮವಾಗಿ ಹತ್ತಬಹುದಲ್ಲ ಎಂದೆ.

"ಆಗ ಹತ್ತುವುದು ಡಾಕ್ಟರು ಕೊಟ್ಟ ಕಾಲು ಮಾರಾಯ. ನನ್ನದಲ್ಲ."

ನಾನು ಕೆಡವಿದ ಹಳೆಯ ಮನೆಗಳ ಬಾಗಿಲು, ತೊಲೆ ಮಾರಿ ಮೇಲೆ ಬಂದವನು. ಎದುರಿನವರ ಹಟ ಎಲ್ಲಿ ಸಡಿಲವಾಗುತ್ತದೆ ಎಂದು ಮುಖ ನೋಡಿಯೇ ಹೇಳಬಲ್ಲೆ. ಗೋಪುರದ ಬುಡದಲ್ಲಿ ಚೌಕಾಶಿ ಶುರು ಮಾಡಿದೆ. ಕೆಳಗಿನ ಬುರುಜಿನಿಂದಲೂ ಸಮುದ್ರ ಕಾಣುತ್ತದೆ ಎಂದೆ. ನಾನೇ ಹತ್ತಿ ಮೊಬೈಲಿನಲ್ಲಿ ಹಿಡಿದು ತರುತ್ತೇನೆ ಎಂದೆ. ಅರ್ಧ ಹತ್ತಿದರೆ ಸಾಕು ಎಂದೆ. ಯಾವುದಕ್ಕೂ ಅವಳು ಬಗ್ಗಲಿಲ್ಲ. ಫಿರಂಗಿ ಎಳೆದೊಯ್ಯುವಷ್ಟು ಅಗಲದ ಆ ಏರು ದಾರಿಯನ್ನು ಕಣ್ಣಲ್ಲೇ ಅಳೆದು, "ನಾಲ್ಕು ಕಟ್ಟು ಆಗಬಹುದು" ಎಂದಳು.

ಬೀಡಿಯವರ ಕಟ್ಟು ಎಂದರೆ ಇಪ್ಪತ್ತೈದು. ಇಪ್ಪತ್ತೈದು ಹೆಜ್ಜೆ ಇಟ್ಟು, ಗೋಡೆಗೆ ಒರಗಿ ಉಸಿರೆಳೆದುಕೊಂಡು, ಮತ್ತೆ ಇಪ್ಪತ್ತೈದು. ಎರಡನೆಯ ಕಟ್ಟಿನಲ್ಲಿ ಅವಳು ವಾಲಿದಂತೆ ಕಂಡಿತು. ಮೊಣಕೈ ಹಿಡಿದೆ. ಸ್ವಲ್ಪ ಹತ್ತಿ ನಿಂತುಬಿಟ್ಟಳು.

"ನೀನು ಹಿಡಿದದ್ದು ಎಷ್ಟು ಹೆಜ್ಜೆ?"

"ಮೂರೋ ನಾಲ್ಕೋ."

"ನಾಲ್ಕು. ಅದು ರಿಜೆಕ್ಟ್."

ಸಡಿಲ ಬೀಡಿಯನ್ನು ಡಿಪೋದಲ್ಲಿ ಲೆಕ್ಕದಿಂದ ತೆಗೆದು ಬದಿಗೆ ಹಾಕುತ್ತಾರೆ. ಅದನ್ನು ದಿನವೂ ನೋಡಿದವಳು ಈಗ ಸ್ವತಃ ತಪಾಸಣೆಗೆ ನಿಂತಿದ್ದಳು. ನಾಲ್ಕು ಹೆಜ್ಜೆ ಕೆಳಗಿಳಿದು, ಅವನ್ನೇ ಮತ್ತೆ ಹತ್ತಿದಳು. ಇಳಿಯುವಾಗ ತುಟಿ ಕಚ್ಚಿದ್ದು ಕಂಡಿತು. ನನ್ನ ಸಹಾಯದಿಂದ ಅವಳ ಕಾಲಿಗೆ ಎಂಟು ಹೆಜ್ಜೆ ಹೆಚ್ಚಾಯಿತು. ನೋವಿನವರ ಜೊತೆ ಹೋಗುವವರು ನೆನಪಿಡಿ: ಕೇಳುವವರೆಗೆ ಹಿಡಿಯಬೇಡಿ, ಆದರೆ ಕೈಗೆಟಕುವಷ್ಟು ಹತ್ತಿರ ಇರಿ. ಅಲ್ಲಿಂದ ಮೇಲೆ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಡೆದೆ.

ಇಳಿದು ಬರುತ್ತಿದ್ದ ಕಾಲೇಜು ಹುಡುಗಿಯರು ಬದಿಗೆ ಸರಿದು, ನಿಧಾನ ಅಮ್ಮಾ ಎಂದು ಮಲಯಾಳದಲ್ಲಿ ಹೇಳಿದರು. ಅಕ್ಕ ತಲೆ ಮಾತ್ರ ಆಡಿಸಿದಳು. ಬಾಯಿ ತೆರೆದರೆ ಲೆಕ್ಕ ತಪ್ಪುತ್ತಿತ್ತು.

ನಾಲ್ಕು ಕಟ್ಟು ಮುಗಿದಾಗ ಇನ್ನೂ ಏಳು ಹೆಜ್ಜೆ ಉಳಿದಿತ್ತು. ಅದನ್ನೂ ಹತ್ತಿದಳು. ಗಾಳಿ ಸೆರಗನ್ನು ಎಳೆಯಿತು. ಎದುರಿಗೇ ಸಮುದ್ರ. ಅವಳು ತಲೆ ಎತ್ತಲೇ ಇಲ್ಲ. ಪಾದ ನೋಡುತ್ತ ಗೋಪುರದ ನೆತ್ತಿಯಲ್ಲಿ ಸುತ್ತತೊಡಗಿದಳು. ತಲೆ ತಿರುಗಿತೇನೋ ಎಂದು ನನಗೆ ದಿಗಿಲಾಯಿತು. ತುಟಿ ಅಲ್ಲಾಡುತ್ತಿರುವುದು ಕಂಡ ಮೇಲೆ ಅರ್ಥವಾಯಿತು. ಏಳಕ್ಕೆ ನಿಂತರೆ ಕಟ್ಟು ತುಂಬುವುದಿಲ್ಲ; ಇನ್ನು ಹದಿನೆಂಟು ಬೇಕು.

ಇಪ್ಪತ್ತೈದಕ್ಕೆ ನಿಂತು ಮುಖ ಎತ್ತಿದಳು. ಬಹಳ ಹೊತ್ತು ಸಮುದ್ರ ನೋಡಿದಳು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಂತೆ. ಕೊನೆಗೆ ಸಮುದ್ರದಿಂದ ಕಣ್ಣು ತೆಗೆಯದೆ ಕೈಯನ್ನು ನನ್ನತ್ತ ಚಾಚಿದಳು.

"ಈಗ ಹಿಡಿ. ಇಳಿಯುವುದಕ್ಕೆ ಲೆಕ್ಕ ಇಲ್ಲ."