ಕಾರಿನ ಮೇಲೆ ಹೊದಿಸಿದ ಚಂದ್ರಿಕೆಗಳು

ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಹಿಪ್ಪುನೇರಳೆ ಸೊಪ್ಪಿನ ಮೂಟೆ ಹೊತ್ತೆ, ಬೇರೆಯವರ ಟೆಂಪೋ ಓಡಿಸಿದೆ, ನಲವತ್ತು ದಾಟಿದ ಮೇಲೆ ಸ್ವಂತ ಕಾರು ತಗೊಂಡೆ. ಬಿಳಿ ಬಣ್ಣದ್ದು, ಬಾಡಿಗೆಗೆ ಓಡಿಸೋದು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗೋ ದಾರಿಯಲ್ಲಿ ನಮ್ಮೂರು. ಅಲ್ಲಿ ಕನ್ನಡಿ ಥರ ಗಾಡಿ ಇಟ್ಟವನು ಯಾರು ಅಂತ ಕೇಳಿದರೆ ನಮ್ಮನೆ ತೋರಿಸುತ್ತಿದ್ದರು. ಮುಚ್ಚುಮರೆ ಏನಿಲ್ಲ, ನನಗೆ ಅದರ ಮೇಲೆ ಜಂಬ ಇತ್ತು.

ಒಂದು ಬೇಸಿಗೆಯಲ್ಲಿ ಚಿಕ್ಕಬಳ್ಳಾಪುರದಲ್ಲಿ ಗಾಡಿ ನಿಲ್ಲಿಸಿ ಊಟಕ್ಕೆ ಕೂತಿದ್ದಾಗ ಆಲಿಕಲ್ಲು ಬಿತ್ತು. ಕೈ ತೊಳೆದು ಹೊರಗೆ ಬರೋದರಲ್ಲಿ ಬಾನೆಟ್ಟು, ಟಾಪು ಎಲ್ಲ ಕುಳಿ ಕುಳಿ. ಸ್ಟ್ಯಾಂಡಿನ ಡ್ರೈವರುಗಳು ಬಿಡ್ತಾರಾ?

"ಏನಣ್ಣಾ, ಗಾಡಿಗೆ ಅಮ್ಮ ಬಂದಿತ್ತಾ? ಬೇವಿನ ಸೊಪ್ಪು ಕಟ್ಟಣ್ಣಾ!"

ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಕುಳಿ ತೆಗೆಸೋವರೆಗೂ ಆ ಸ್ಟ್ಯಾಂಡಿಗೆ ಕಾಲಿಡಲಿಲ್ಲ. ಇನ್ನೊಂದು ಸಲ ಹೀಗಾಗೋಕೆ ಬಿಡಲ್ಲ ಅಂತ ಒಳಗೊಳಗೇ ಹಟ ಹಿಡಿದುಬಿಟ್ಟೆ.

ಮಾರನೇ ವರ್ಷ ಅದೇ ಬೇಸಿಗೆ. ನನ್ನ ಹೆಂಡತಿ ರೇಷ್ಮೆ ಹುಳ ಸಾಕುತ್ತಾಳೆ. ಅಂಗಳದ ಪಕ್ಕದಲ್ಲೇ ಹುಳದ ಮನೆ. ಇಪ್ಪತ್ತೈದು ದಿನ ಹೊತ್ತು ಹೊತ್ತಿಗೆ ಎದ್ದು ಸೊಪ್ಪು ಹಾಕಿದವಳು ಅವಳು. ನಾನು ಬರೀ ಮೂಟೆ ತಂದು ಇಳಿಸಿದವನು. ಅವತ್ತು ಹುಳ ಹಣ್ಣಾಗಿತ್ತು. ಹಣ್ಣಾದ ಹುಳದ ಮೈ ಹಳದಿಗೆ ತಿರುಗುತ್ತೆ, ಸೊಪ್ಪು ಮುಟ್ಟಲ್ಲ, ತಲೆ ಎತ್ತಿ ಗೂಡು ಕಟ್ಟೋ ಜಾಗ ಹುಡುಕುತ್ತೆ. ಆಗ ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರು ಚಾಪೆಯ ಮೇಲೆ ಬಿದಿರ ಪಟ್ಟಿಯನ್ನೇ ಸುರುಳಿ ಸುತ್ತಿ ಕೂರಿಸಿರೋದು ಚಂದ್ರಿಕೆ, ಆಳೆತ್ತರ ಇರುತ್ತೆ. ಒಣಗಿರಬೇಕು. ಒದ್ದೆಯಾಗಿದ್ದರೆ ಗೂಡು ಕೆಡುತ್ತೆ, ಹುಳ ಸಾಯುತ್ತೆ. ಅದಕ್ಕೇ ಮೂವತ್ತು ಚಂದ್ರಿಕೆ ಬೆಳಿಗ್ಗೆಯಿಂದ ಗೋಡೆಗೆ ಒರಗಿ ಬಿಸಿಲು ಕಾಯುತ್ತಿದ್ದವು.

ಹುಳದ ಮನೆಯಲ್ಲಿ ದಿನಾ ಸಣ್ಣ ಮಳೆ ಹನಿದ ಹಾಗೆ ಸೊಪ್ಪು ತಿನ್ನೋ ಸದ್ದು. ಅವತ್ತು ಅದು ನಿಂತುಹೋಗಿತ್ತು. ಮೂರು ಗಂಟೆ ಸುಮಾರಿಗೆ ಹೊರಗೂ ಹಾಗೇ ಆಯಿತು. ಗಾಳಿ ಇಲ್ಲ, ಕಾಗೆ ಇಲ್ಲ, ನೇರಳೆ ತೋಟದಲ್ಲಿ ಒಂದು ಎಲೆ ಅಲುಗಲಿಲ್ಲ. ನಂದಿ ಬೆಟ್ಟದ ಕಡೆಯಿಂದ ಮೋಡ ಬಂತು. ಕಪ್ಪಲ್ಲ, ಪೆಟ್ಟು ಬಿದ್ದ ಮೈ ಥರ ಹಸಿರುಗಟ್ಟಿತ್ತು. ಬೀದಿ ನಾಯಿ ಬಂದು ನನ್ನ ಕಾರಿನ ಕೆಳಗೆ ತೂರಿಕೊಂಡಿತು.

ಕಾರಿಗೆ ಕಂಬಳಿ ಹಾಕಿದೆ. ಮೇಲೆ ಟಾರ್ಪಾಲು ಹಾಕೋಕೆ ಹೋದರೆ ಒಂದೇ ಸಲ ಎದ್ದ ಗಾಳಿ ಅದನ್ನು ಕಿತ್ತು ಬೇಲಿ ಆಚೆ ಎಸೆಯಿತು. ತಣ್ಣನೆ ಗಾಳಿ. ಗೋಡೆ ಕಡೆ ತಿರುಗಿದೆ.

ಅವಳು ಆಗಲೇ ಚಂದ್ರಿಕೆ ಒಳಗೆ ಸಾಗಿಸ್ತಾ ಇದ್ದಳು. ಎರಡೆರಡು ಎತ್ತಿಕೊಂಡು ಓಡಾಡಿ ಹತ್ತು ಒಳಗೆ ಇಟ್ಟಿದ್ದಳು. ನಾನು ಉಳಿದದ್ದಕ್ಕೆ ಕೈ ಹಾಕಿದಾಗ, ಒಳಗಿಡೋಕೆ ಅಂದುಕೊಂಡಳು.

"ಏನ್ರೀ, ಆ ಕಡೆ ಯಾಕೆ ತಗೊಂಡ್ ಹೋಗ್ತೀರಾ?"

"ಹತ್ತೇ ನಿಮಿಷ ಕಣೇ. ಮಳೆ ನಿಂತ ಮೇಲೆ ಒರೆಸಿ ಕೊಡ್ತೀನಿ."

"ಬೇಡಾರೀ. ಹುಳ ಹಣ್ಣಾಗೈತೆ, ಕಾಯಲ್ಲ."

"ಸುಮ್ನಿರೇ, ನಂಗೆ ಗೊತ್ತು!"

ಇಪ್ಪತ್ತನ್ನೂ ಕಾರಿಗೆ ಹೊದಿಸಿ ಹಗ್ಗ ಬಿಗಿದೆ. ಎದುರುಮನೆ ಅಜ್ಜಿ, ತೆಲುಗು ಮನೆಮಾತಿನವರು, ಬಾಗಿಲಲ್ಲಿ ನಿಂತು, "ಏಮಯ್ಯಾ, ನಿನ್ನ ಕಾರೂ ಹಣ್ಣಾಯ್ತಾ? ಗೂಡು ಕಟ್ಟುತ್ತಾ?" ಅಂತ ಕೂಗಿದರು. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಆಮೇಲೆ ಬಿತ್ತು. ನಿಂಬೆಹಣ್ಣಿನ ಗಾತ್ರದ್ದು. ಇಬ್ಬರೂ ಹುಳದ ಮನೆಯೊಳಗೆ ಓಡಿದೆವು. ತಗಡಿನ ಮೇಲೆ ಆ ಸದ್ದಿಗೆ ಪಕ್ಕದಲ್ಲಿದ್ದವಳು ಏನೋ ಹೇಳಿದರೂ ಕೇಳಿಸಲಿಲ್ಲ. ತಟ್ಟೆಗಳಲ್ಲಿ ಸಾವಿರಾರು ಹುಳ ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿದ್ದವು. ನಾನು ಬಾಗಿಲ ಸಂದಿಯಿಂದ ಕಾರನ್ನೇ ನೋಡುತ್ತಿದ್ದೆ.

ಕಾಲು ಗಂಟೆಗೆ ನಿಂತಿತು. ಓಡಿಹೋಗಿ ಹಗ್ಗ ಬಿಚ್ಚಿ, ಚಂದ್ರಿಕೆ ಕಿತ್ತು ಪಕ್ಕಕ್ಕೆ ಹಾಕಿ, ಕಂಬಳಿ ಎಳೆದೆ. ಬಾನೆಟ್ಟಿನ ಮೇಲೆ ಅಂಗೈ ಆಡಿಸಿದೆ. "ನೋಡೇ, ಒಂದೂ ಇಲ್ಲ!" ಅಂತ ಕೂಗಿದೆ.

ಅವಳು ನೆಲದಿಂದ ಒಂದು ಚಂದ್ರಿಕೆ ಎತ್ತಿ ಹಿಡಿದಿದ್ದಳು. ಸುರುಳಿ ಕಿತ್ತುಬಂದು ಕರುಳಿನ ಥರ ಜೋತಾಡುತ್ತಿತ್ತು, ನೀರು ಸುರಿಯುತ್ತಿತ್ತು. ಇಪ್ಪತ್ತೂ ಹಾಗೇ.

ಚಂದ್ರಿಕೆ ಕೇಳಿಕೊಂಡು ಊರೆಲ್ಲ ಅಲೆದೆ. ಕೆಲವರದ್ದರಲ್ಲಿ ಅವರದ್ದೇ ಹುಳ ತುಂಬಿತ್ತು, ಕೆಲವರದ್ದು ನೆನೆದಿತ್ತು. ಆ ಉಳಿಸಿಕೊಂಡ ಕಾರನ್ನೇ ಹತ್ತಿ ಕೈವಾರದ ಹತ್ತಿರ ನೆಂಟರ ಊರಿಗೆ ಹೊರಟೆ. ರಸ್ತೆ ತುಂಬ ಮಾವಿನ ಕಾಯಿ, ಮುರಿದ ಕೊಂಬೆ, ಕರಗದೆ ಗುಡ್ಡೆಬಿದ್ದ ಆಲಿಕಲ್ಲು. ಆ ಕಡೆ ಮಳೆಯೇ ಇರಲಿಲ್ಲ. ಎಂಟು ಚಂದ್ರಿಕೆ ಸಿಕ್ಕಿತು. ಹೊದಿಸೋಕೆ ಕಂಬಳಿಯೂ ತಂದಿರಲಿಲ್ಲ. ಬರೀ ಟಾಪಿನ ಮೇಲೆ ಕಟ್ಟಿದೆ. ಪ್ರತಿ ಹಳ್ಳಕ್ಕೂ ಬಿದಿರು ಬಣ್ಣ ಕೆರೆಯೋ ಸದ್ದು ತಲೆ ಮೇಲೇ ಕೇಳಿಸುತ್ತಿತ್ತು. ನಿಲ್ಲಿಸಲಿಲ್ಲ.

ದೀಪ ಹಚ್ಚೋ ಹೊತ್ತಿಗೆ ಮನೆ ಮುಟ್ಟಿದೆ. ಒಳಗಿದ್ದ ಹತ್ತು ಚಂದ್ರಿಕೆ ತುಂಬಿದ್ದವು. ಉಳಿದ ಹುಳದಲ್ಲಿ ಅರ್ಧದಷ್ಟು ತಟ್ಟೆ ಮೂಲೆಯಲ್ಲಿ, ಒಣಗಿದ ಸೊಪ್ಪಿನೊಳಗೆ, ಹಿಕ್ಕೆಯ ಮೇಲೇ ನೂಲು ಬಿಟ್ಟಿದ್ದವು. ಕೆಲವು ಎರಡೆರಡು ಸೇರಿ ಒಂದೇ ಗೂಡಿಗೆ ತೊಡಗಿದ್ದವು. ಅದರಿಂದ ನೂಲು ತೆಗೆಯೋಕೆ ಬರಲ್ಲ. ಗೋಡೆ ಹತ್ತಿದವೂ ಇದ್ದವು. ಅವಳು ನೆಲದ ಮೇಲೆ ಕೂತು ಒಂದೊಂದಾಗಿ ಆರಿಸುತ್ತಿದ್ದಳು.

"ತಗೊಂಡ್ ಬಂದೆ," ಅಂದೆ.

"ಹೂಂ, ಅಲ್ಲಿಡಿ."

ಬೈದಿದ್ದರೆ ಚೆನ್ನಾಗಿತ್ತು. ಅವತ್ತೂ ಬೈಯಲಿಲ್ಲ, ಆಮೇಲೂ ಬೈಯಲಿಲ್ಲ.

ಟಾಪಿನ ಮೇಲಿನ ಗೀರುಗಳನ್ನು ನಾನು ತೆಗೆಸಿಲ್ಲ. ಯಾರಾದರೂ ಕೇಳಿದರೆ ಬಿದಿರು ತಂದಿದ್ದೆ ಅಂತೀನಿ. ಈ ಬೇಸಿಗೆಯಲ್ಲೂ ಹುಳ ಇದೆ, ನಾಳೆಯೋ ನಾಡಿದ್ದೋ ಹಣ್ಣಾಗುತ್ತೆ, ಚಂದ್ರಿಕೆ ಗೋಡೆಗೆ ಒರಗಿದೆ, ಕಾರು ಅಂಗಳದಲ್ಲೇ ನಿಂತಿದೆ. ಗುಡುಗು ಕೇಳಿಸಿದ ಕೂಡಲೇ ಅವಳು ಹುಳದ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಆಕಾಶ ನೋಡಲ್ಲ. ನಾನು ಮೊದಲು ಯಾವ ಕಡೆಗೆ ಓಡ್ತೀನಿ ಅಂತ ನೋಡ್ತಾಳೆ.