ಸವಿತಾಳಿಗೆ ನಾನು ಕಲಿಸಿದ ಪರೀಕ್ಷೆ

ಮೊದಲು ಗೊತ್ತಾದದ್ದು ಶೇಂಗಾ ಚಟ್ನಿಯಿಂದ.

ಮೊಮ್ಮಗಳು ಸವಿತಾ ಆಸ್ಪತ್ರೆಯಿಂದ ಬೈಲಹೊಂಗಲದ ಮನೆಗೆ ಬಂದು ತಿಂಗಳಾಗಿತ್ತು. ತಲೆಯ ಹೊಲಿಗೆ ಬಿಚ್ಚಿದ್ದರು. ಕೂದಲು ಮತ್ತೆ ಹುಟ್ಟುತ್ತಿತ್ತು. ಸವದತ್ತಿ ದಾರಿಯಲ್ಲಿ ಲಾರಿಯೊಂದು ಅವಳಿದ್ದ ಟೆಂಪೊಗೆ ಗುದ್ದಿದ್ದನ್ನು ನಾವು ಮರೆಯಲು ಹೊರಟಿದ್ದೆವು. ಆ ಮಧ್ಯಾಹ್ನ ಅವಳು ಎಂದಿನಂತೆ ಅಪ್ಪನ ತಟ್ಟೆಗೆ ಚಟ್ನಿ ಹಾಕಿದಳು. ಮತ್ತೆ ಹಾಕಿದಳು. ಮತ್ತೆ.

"ಸಾಕಬೇ, ಡಬ್ಬಿ ತಳಾ ಕಾಣಾಕತ್ತೈತಿ" ಎಂದು ನನ್ನ ಮಗ ಬಸವರಾಜ ನಕ್ಕ.

ಅವಳು ಚಮಚವನ್ನು ಗೋಡೆಗೆ ಎಸೆದಳು.

ಹತ್ತು ವರ್ಷದ ಹುಡುಗಿ. ಅದುವರೆಗೆ ಏರುದನಿಯಲ್ಲಿ ಮಾತಾಡಿದವಳಲ್ಲ.

ಆಮೇಲೆ ಒಂದೊಂದೇ ಹೊರಬಂದವು. ಸ್ನಾನಕ್ಕೆ ಹೋದವಳು ನೀರು ತುಂಬಿಸುತ್ತಲೇ ನಿಲ್ಲುತ್ತಿದ್ದಳು. ಶಾಲೆಯಲ್ಲಿ ಒಂದೇ ಲೆಕ್ಕವನ್ನು ಪುಟದ ತುಂಬ ಬರೆಯುತ್ತಿದ್ದಳು. ಮಾತು ಮಾತ್ರ ಮೊದಲಿನ ಹಾಗೇ ಅರಳು ಹುರಿದಂತೆ. ಅದೇ ಕೆಟ್ಟದ್ದಾಯಿತು. ಮಾತು ಸರಿಯಿದ್ದವಳ ಮೆದುಳಿಗೆ ಪೆಟ್ಟು ಬಿದ್ದಿದೆ ಎಂದರೆ ಯಾರು ನಂಬುತ್ತಾರೆ? ಶಾಲೆಯ ಅಕ್ಕೋರು ಕೆಲಸಗಳ್ಳಿ ಎಂದರು. ಓಣಿಯವರು ಮುದ್ದು ಹೆಚ್ಚಾಯಿತು ಎಂದರು. ಪರಿಹಾರಕ್ಕೆಂದು ಹೋದ ಕೋರ್ಟಿನಲ್ಲಿ ಲಾರಿಯ ಇನ್ಶೂರೆನ್ಸಿನವರೂ ಅದನ್ನೇ ಅಂದರು, ಇಂಗ್ಲಿಷಿನಲ್ಲಿ.

ನಮ್ಮ ಕೇಸು ಹಿಡಿದಿದ್ದ ನದಾಫ ವಕೀಲರು ಒಂದು ದಿನ ಮನೆಗೇ ಬಂದು ಕಟ್ಟೆಯ ಮೇಲೆ ಕೂತರು. "ಆಯಿ, ಸ್ಕ್ಯಾನ್ ಒಂದರಿಂದ ಆಗೂದಿಲ್ರಿ. ಹುಡುಗಿದು ನ್ಯೂರೋ... ನ್ಯೂರೋಸೈಕಲಾಜಿಕಲ್ ಇವ್ಯಾಲ್ಯುಯೇಶನ್ ಮಾಡಸಬೇಕು. ತಡೀರಿ, ಹೆಸರು ಹೇಳೂದ್ರಾಗ ನನಗ ದಮ್ಮು ಹತ್ತಿತು."

"ಅಂದ್ರ ಹುಚ್ಚರ ದವಾಖಾನಿಗೇನ್ರಿ?" ಎಂದು ಸೊಸೆ ನಿರ್ಮಲಾ ಸೆರಗು ಬಾಯಿಗಿಟ್ಟುಕೊಂಡಳು.

"ಹಂಗಲ್ಲವಾ. ಮೆದುಳು ಯಾವ ಕೆಲಸ ಮಾಡತೈತಿ, ಯಾವುದು ಮಾಡೂದಿಲ್ಲ ಅಂತ ಅಳದು, ಕೋರ್ಟಿಗೆ ಬರದು ಕೊಡತಾರ."

ಹೀಗೆ ನಾವು ಧಾರವಾಡದ ಬಸ್ಸು ಹತ್ತಿದೆವು. ದೊಡವಾಡ ದಾಟುವವರೆಗೂ ಸವಿತಾ ಒಂದೇ ಪ್ರಶ್ನೆ ಕೇಳಿದಳು: ಧಾರವಾಡ ಬಂತೇನು?

ಪರೀಕ್ಷೆ ಮಾಡಿದವರು ಒಬ್ಬ ಹೆಣ್ಣು ಡಾಕ್ಟರ್, ನಮ್ಮ ಮಾತಿನಲ್ಲಿ ಡಾಕ್ಟರ್ ಬಾಯಿ. ಅವರಿಗೆ ಮೂವತ್ತೈದರ ಆಜುಬಾಜು. ಮೆದು ದನಿ, ಕೈಯಲ್ಲಿ ಸ್ಟಾಪ್‌ವಾಚ್. ಹುಡುಗಿ ಹೆದರುತ್ತಾಳೆಂದು ನನ್ನನ್ನು ಮೂಲೆಯ ಕುರ್ಚಿಯಲ್ಲಿ ಕೂರಲು ಬಿಟ್ಟರು. ಕೆಂಪು ಬಿಳಿ ಬಣ್ಣದ ಕಟ್ಟಿಗೆಯ ತುಂಡುಗಳು. ಚಿತ್ರ ನೋಡಿ ಅದರಂತೆ ಜೋಡಿಸಬೇಕು. ಸವಿತಾ ಜೋಡಿಸಿದಳು, ಕೆಡವಿದಳು, ನನ್ನತ್ತ ನೋಡಿದಳು. ಆ ನೋಟ ನನಗೆ ತಡೆಯಲಾಗಲಿಲ್ಲ. ಅರ್ಧಕ್ಕೇ ಅವಳು ದಣಿದಳು. ಉಳಿದದ್ದಕ್ಕೆ ಹದಿನೈದು ದಿನ ಬಿಟ್ಟು ಬನ್ನಿ ಎಂದರು.

ಇಲ್ಲಿ ನನ್ನ ತಪ್ಪು ಹೇಳಬೇಕು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಇನ್‌ಸ್ಪೆಕ್ಟರ್ ಬರುವ ವಾರವಿಡೀ ಸಿಸ್ಟರ್‌ಗಳು ನಮ್ಮನ್ನು ಸಾಲಾಗಿ ನಿಲ್ಲಿಸಿ, ಅವರು ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ ಗಟ್ಟಿ ಮಾಡಿಸುತ್ತಿದ್ದರು. "ಚಿನ್ ಅಪ್, ಗರ್ಲ್ಸ್!" ಆ ದಿನ ನಾವೆಲ್ಲ ಬುದ್ಧಿವಂತರು. ಗಂಜಿ ಹಾಕಿದ ಬಿಳಿ ರಿಬ್ಬನ್, ಪಾಲಿಶ್ ವಾಸನೆಯ ಕಾರಿಡಾರು, ಇನ್‌ಸ್ಪೆಕ್ಟರ್ ನನ್ನ ತಲೆ ಸವರಿ "ವೆರಿ ಗುಡ್" ಅಂದದ್ದು. ಇಷ್ಟು ವಯಸ್ಸಾದರೂ ಅದನ್ನು ನೆನೆದರೆ ಬೆನ್ನು ನೆಟ್ಟಗಾಗುತ್ತದೆ. ಪರೀಕ್ಷೆ ಎಂದರೆ ತಯಾರಾಗಿ ಹೋಗುವುದು. ಪರರ ಎದುರು ಮನೆಯ ಹುಡುಗಿ ತಡವರಿಸಬಾರದು. ನನಗೆ ಗೊತ್ತಿದ್ದದ್ದು ಅಷ್ಟೇ.

ಓಣಿಯ ಬಡಿಗೇರನ ಹತ್ತಿರ ಅಂಥವೇ ತುಂಡುಗಳನ್ನು ಮಾಡಿಸಿದೆ. ಕೆಂಪು ಬಿಳಿ ಎಣ್ಣೆಬಣ್ಣ ನಾನೇ ಹಚ್ಚಿದೆ. ನೆನಪಿದ್ದ ಚಿತ್ರಗಳನ್ನು ಬರೆದಿಟ್ಟುಕೊಂಡು ದಿನಾ ಮುಂಜಾನೆ ಸವಿತಾಳನ್ನು ಕೂರಿಸಿದೆ. ಅತ್ತಳು. ಬಿಡಲಿಲ್ಲ. ಹದಿನೈದು ದಿನಕ್ಕೆ ಕಣ್ಣು ಮುಚ್ಚಿ ಜೋಡಿಸುವಷ್ಟಾದಳು. ನಾನು ಯಾರಿಗೂ ಹೇಳದೆ ಹಿಗ್ಗಿದೆ.

ಎರಡನೆಯ ಸಲ ಡಾಕ್ಟರ್ ಬಾಯಿ ಹಿಂದಿನದನ್ನೇ ಒಮ್ಮೆ ಕೊಟ್ಟು ನೋಡಿದರು. ಸವಿತಾ ಪಟಪಟನೆ ಜೋಡಿಸಿದಳು. ಅವರ ಪೆನ್ನು ನಿಂತಿತು. ಅವರು ಬೇರೆ ಚಿತ್ರ ಇಟ್ಟರು.

ಸವಿತಾ ಮನೆಯಲ್ಲಿ ಕಲಿತದ್ದನ್ನೇ ಜೋಡಿಸಿದಳು.

ಇನ್ನೊಂದು ಚಿತ್ರ. ಮತ್ತೆ ಅದೇ. ಮುಂದೆ ಇಟ್ಟ ಕಾರ್ಡಿನಲ್ಲಿ ಏನಿದೆ ಎಂದು ನೋಡಿಯೂ ಕೈ ಹಳೆಯ ದಾರಿಯಲ್ಲೇ ಹೋಗುತ್ತಿತ್ತು. ಅವಳಿಗೂ ಅದು ತಿಳಿಯುತ್ತಿತ್ತು. ತಪ್ಪು ಎಂದು ತಾನೇ ಅನ್ನುತ್ತಿದ್ದಳು. ಕೈ ನಿಲ್ಲುತ್ತಿರಲಿಲ್ಲ. ಚಟ್ನಿ ಹಾಕುತ್ತಲೇ ಹೋದ ಕೈ ಅದು ಎಂದು ನನಗೆ ಆಗ ಹೊಳೆಯಿತು.

"ಅಜ್ಜಿ, ಇದನ್ನ ಯಾರು ಕಲಿಸ್ಯಾರ್ರಿ?" ಡಾಕ್ಟರ್ ಬಾಯಿ ಮೆಲ್ಲಗೆ ಕೇಳಿದರು.

"ನಾನೇ."

"ಯಾಕ್ರಿ?"

ನಾನು ಎದ್ದು ಹೋಗಿ ಸವಿತಾಳ ಕೈಯಿಂದ ತುಂಡು ಬಿಡಿಸಿಕೊಂಡೆ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಗಾಯ ಎಷ್ಟು ಆಳ ಐತಿ ಅಂತ ನಾ ನೋಡಬೇಕ್ರಿ. ನೀವು ಅದರ ಮ್ಯಾಲ ಹೊಸಾ ಬಟ್ಟಿ ಹೊಚ್ಚೀರಿ. ಈಗ ಈ ಭಾಗದ ಮಾರ್ಕು ಲೆಕ್ಕಕ್ಕ ಹಿಡಿಯಾಕ ಬರೂದಿಲ್ಲ. ಆರು ತಿಂಗಳ ಬಿಟ್ಟು ಬ್ಯಾರೆ ಟೆಸ್ಟ್ ಮಾಡೂಣು. ಮನಿಯೊಳಗ ಕಲಿಸಿದ್ದನ್ನ ರಿಪೋರ್ಟಿನ್ಯಾಗ ಬರೀಲಿಕ್ಕೇ ಬೇಕು."

ಮನೆಗೆ ಬಂದ ಮೇಲೆ ಬಸವರಾಜ, "ಅವ್ವಾ, ನಿನ್ನ ಕಾನ್ವೆಂಟು ನಮ್ಮನ್ನ ಮುಳುಗಿಸ್ತು ನೋಡು" ಎಂದ. ನಿರ್ಮಲಾ ಮಾತ್ರ, "ಸುಮ್ನಿರ್ರಿ. ಹೊತ್ತು ಕೊಟ್ಟು ಆಕಿ ಹತ್ರ ಕುಂತಾವರು ಅತ್ತಿಯವರೊಬ್ಬರ" ಎಂದು ನನ್ನ ಮುಂದೆ ಚಹಾ ಇಟ್ಟಳು.

ಆರು ತಿಂಗಳ ನಂತರ ಮತ್ತೆ ಧಾರವಾಡ. ಈ ಸಲ ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಏನೂ ಕಲಿಸಿರಲಿಲ್ಲ. ಕಲಿಸದೆ ಇರುವುದು ಕಲಿಸುವುದಕ್ಕಿಂತ ಕಷ್ಟ. ಅವಳು ಸೋಲಲೆಂದು ಬಾಗಿಲ ಆಚೆ ಕಾದು ಕೂರುವುದು ಅದಕ್ಕಿಂತಲೂ. ಸೋತರೆ ಮಾತ್ರ ಅವಳ ನೋವಿಗೆ ಹೆಸರು ಸಿಗುತ್ತಿತ್ತು.

ಅವಳು ಸೋತಳು, ರಿಪೋರ್ಟು ಕೋರ್ಟಿಗೆ ಹೋಯಿತು. ಸಾಕ್ಷಿಯ ದಿನ ಹತ್ತಿರ ಬಂದಾಗ ನದಾಫ ವಕೀಲರು, "ಆಯಿ, ನೀವು ಕಟಕಟಿ ಹತ್ತೂದು ಬ್ಯಾಡ್ರಿ, ಆ ಕಡಿಯಾವರು ಹರದು ಹಾಕತಾರ" ಎಂದರು.

"ಹರೀಲಿ ಬಿಡ್ರಿ. ಹೊಲಿಯೂದೂ ನನಗ ಕಾನ್ವೆಂಟಿನ್ಯಾಗ ಕಲಿಸ್ಯಾರ" ಎಂದೆ.

ಇನ್ಶೂರೆನ್ಸಿನ ವಕೀಲರು ರಿಪೋರ್ಟನ್ನು ಎತ್ತಿ ಹಿಡಿದರು. "ಹುಡುಗಿಗೆ ಪರೀಕ್ಷಾದ ತರಬೇತಿ ಕೊಟ್ಟಿದ್ದು ಖರೇನೋ, ಸುಳ್ಳೋ?"

"ಖರೆ."

"ಹಂಗಾರ ಹುಡುಗಿ ಮಾಡೂದೆಲ್ಲಾ ನೀವು ಕಲಿಸಿದ ನಾಟಕ."

"ನಾಟಕ ಕಲಿಸಿದ್ದು ಹೌದ್ರಿ. ಆದರ ಆರಾಮ ಅದಾಳ ಅನ್ನೂ ನಾಟಕ. ಅದು ಆಕಿ ಕಡಿಂದ ಆಗಲಿಲ್ಲ."

ಹಿಂದೆ ಯಾರೋ ಕೆಮ್ಮಿದರು. ಜಡ್ಜರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಯಾಕೆ ಕಲಿಸಿದಿರಿ, ಅಮ್ಮಾ?"

"ನಾಚಿಕಿ ಆಗಿತ್ರಿ."

ಇಡೀ ಬೈಲಹೊಂಗಲದ ಮುಂದೆ ಅಂದೆ.

ಹೋದ ತಿಂಗಳು ತೀರ್ಪು ಬಂತು. ಡಾಕ್ಟರ್ ಬಾಯಿಯ ರಿಪೋರ್ಟನ್ನು ಕೋರ್ಟು ಒಪ್ಪಿತು. ನಾನು ಮಾಡಿದ್ದನ್ನೂ ಮುಚ್ಚದೆ ಬರೆದಿದ್ದಕ್ಕೇ ಅದು ನಂಬಲರ್ಹ ಎಂದರಂತೆ. ಪರಿಹಾರದ ಮಾತು ಬಸವರಾಜನಿಗೆ ಬಿಟ್ಟದ್ದು. ನಾನು ರಿಪೋರ್ಟಿನ ಪ್ರತಿಯನ್ನು ಕೈಗೆ ತೆಗೆದುಕೊಂಡೆ. ಎಂಟು ಪುಟ ಇಂಗ್ಲಿಷು.

ಸವಿತಾ ಪಕ್ಕಕ್ಕೆ ಬಂದು ಕೂತಳು. "ನನ್ನ ಬಗ್ಗೆ ಏನ ಬರದಾರ, ಆಯಿ?"

ಮುಚ್ಚಿಡಬಹುದಿತ್ತು. ಒಂದೊಂದೇ ವಾಕ್ಯ ಓದಿ ಕನ್ನಡದಲ್ಲಿ ಹೇಳಿದೆ. ಒಂದು ಕೆಲಸ ಹಿಡಿದರೆ ನಿನ್ನ ಮೆದುಳಿಗೆ ಅದನ್ನು ಬಿಡುವುದು ಕಷ್ಟ. ಪೆಟ್ಟಿನಿಂದ ಹೀಗಾಗಿದೆ. ನೀನು ಬೇಕೆಂದು ಮಾಡುವುದಲ್ಲ. ಸಮಯ ಕೊಟ್ಟು, ಈಗ ನಿಲ್ಲಿಸು ಎಂದು ಯಾರಾದರೂ ಮೆಲ್ಲಗೆ ಹೇಳಿದರೆ ನೀನು ಮುಂದಿನದಕ್ಕೆ ಹೋಗಬಲ್ಲೆ.

ಅವಳು ಹಾಳೆಯ ಮೇಲೆ ತನ್ನ ಹೆಸರನ್ನು ಹುಡುಕಿ ಬೆರಳಿಟ್ಟಳು.

"ಇದನ್ನ ನಮ್ಮ ಅಕ್ಕೋರಿಗೆ ಓದಿ ಹೇಳತೀಯೇನು?"

ಸೋಮವಾರ ಶಾಲೆಗೆ ಹೋದೆ. ಸವಿತಾ ನನ್ನ ಕೈ ಹಿಡಿದೇ ನಿಂತಿದ್ದಳು. ಅಕ್ಕೋರು ಮೊದಲು ಕೈ ಕಟ್ಟಿಕೊಂಡು ಕೇಳಿದರು. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಕುರ್ಚಿ ಎಳೆದು ಕೂತರು. ಕೊನೆಗೆ ಕೇಳಿದರು: "ಮೆಲ್ಲಕ ಹೇಳೂದಂದ್ರ ಹೆಂಗ್ರಿ, ಅಜ್ಜಿ? ಒಂಚೂರು ತೋರಸ್ರಿ."

ನಾನು ಬಾಯಿ ತೆರೆಯುವ ಮೊದಲೇ ಸವಿತಾ ತನ್ನ ಎಡಭುಜವನ್ನು ಮುಟ್ಟಿ ತೋರಿಸಿದಳು. "ಇಲ್ಲಿ ಕೈ ಇಡ್ರಿ, ಅಕ್ಕೋರ. ಆಮ್ಯಾಲ ಸಾಕು ಅನ್ರಿ."